ರೊಟ್ಟಿಯ ಭಟ್ಟಿ ಮತ್ತು ನಗರದ ಕಾನೂನು: ವಸಾಹತು ಕಾಲದ ಮುಂಬಯಿಯ ಬೇಕರಿಗಳ ನೈರ್ಮಲ್ಯ ನಿಯಂತ್ರಣ

ಜೋಳದ ರೊಟ್ಟಿಯನ್ನು ತಟ್ಟಿ ಸುಡುವ ಮನೆಯಲ್ಲಿ ಹಿಟ್ಟು ಯಾವುದು, ನೀರು ಯಾವ ಬಾವಿಯದು, ಒಲೆಯ ಮುಂದೆ ಕುಳಿತವರು ಯಾರು ಎಂಬುದು ಉಣ್ಣುವವರಿಗೆ ತಿಳಿದಿರುತ್ತದೆ. ನಗರದಲ್ಲಿ ಬೇಕರಿಯ ಭಟ್ಟಿಯಿಂದ ಬರುವ ರೊಟ್ಟಿಯ ವಿಷಯದಲ್ಲಿ ಇವಾವುವೂ ತಿಳಿದಿರುವುದಿಲ್ಲ. ಹಿಟ್ಟು ನಾದಿದವನನ್ನು ಕೊಳ್ಳುವವನು ನೋಡಿರುವುದಿಲ್ಲ. ಅದು ಹುಳಿಯೇರಿ ಉಬ್ಬಿದ ಕೋಣೆಯನ್ನೂ ನೋಡಿರುವುದಿಲ್ಲ. ಅನ್ನವು ಹೀಗೆ ಅಪರಿಚಿತರ ಕೈಯಿಂದ ಬರತೊಡಗಿದಾಗ ಅದು ಶುದ್ಧವೆಂದು ಹೇಳುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ವಸಾಹತು ಕಾಲದ ಮುಂಬಯಿ ಈ ಪ್ರಶ್ನೆಯನ್ನು ತೀವ್ರವಾಗಿ ಎದುರಿಸಿದ ನಗರ. ಜಾತಿಯ ಕಟ್ಟು ಒಂದು ಬಗೆಯ ಉತ್ತರವನ್ನು ನೀಡುತ್ತಿತ್ತು. ನಗರಪಾಲಿಕೆಯ ಪರವಾನಗಿಯು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮತ್ತೊಂದು ಉತ್ತರವನ್ನು ನೀಡತೊಡಗಿತು. ಈ ಎರಡೂ ಉತ್ತರಗಳು ರೊಟ್ಟಿಯನ್ನು ಕುರಿತು ಚಿಂತಿಸಿದಷ್ಟು ಅದನ್ನು ಸುಟ್ಟವನನ್ನು ಕುರಿತು ಚಿಂತಿಸಲಿಲ್ಲವೆಂಬುದು ಈ ಚರಿತ್ರೆಯ ಮುಖ್ಯವಾದ ಅಂಶ.

ಪಾವ್ ಬಂದ ಬಗೆ

ಮುಂಬಯಿಯ ಜನಸಾಮಾನ್ಯರ ರೊಟ್ಟಿಯಾದ 'ಪಾವ್' ಎಂಬುದು ಪೋರ್ಚುಗೀಸ್ ಭಾಷೆಯಿಂದ ಬಂದ ಪದ. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ವಶಪಡಿಸಿಕೊಂಡ ಮೇಲೆ ಗೋಧಿಯ ಹುದುಗು ರೊಟ್ಟಿಯು ಪಶ್ಚಿಮ ಕರಾವಳಿಯಲ್ಲಿ ನೆಲೆಗೊಂಡಿತು. ಯುರೋಪಿನಲ್ಲಿ ಬಳಕೆಯಲ್ಲಿದ್ದ ಯೀಸ್ಟ್ ಇಲ್ಲಿ ದೊರೆಯದಿದ್ದುದರಿಂದ ತೆಂಗಿನ ಕಳ್ಳೇ ಹುದುಗಾಯಿತು. ಕಳ್ಳನ್ನು ಮರದಿಂದ ಇಳಿಸಿದ ಕೆಲವೇ ಗಂಟೆಗಳಲ್ಲಿ ಅದರಲ್ಲಿನ ಕಾಡು ಯೀಸ್ಟುಗಳೂ ಹುಳಿಗಟ್ಟಿಸುವ ಸೂಕ್ಷ್ಮಜೀವಿಗಳೂ ಸಕ್ಕರೆಯನ್ನು ಮದ್ಯಸಾರವನ್ನಾಗಿಯೂ ಇಂಗಾಲಾಮ್ಲವನ್ನಾಗಿಯೂ ಪರಿವರ್ತಿಸುತ್ತವೆ. ಅದೇ ಕ್ರಿಯೆ ನಾದಿದ ಹಿಟ್ಟಿನೊಳಗೆ ನಡೆದಾಗ ಹಿಟ್ಟು ಉಬ್ಬುತ್ತದೆ. ಗೋವೆಯಲ್ಲಿ 'ಪೊದೇರ್' ಎಂದು ಕರೆಯಲ್ಪಡುವ ಕ್ರೈಸ್ತ ರೊಟ್ಟಿಗಾರರು ಈ ಕಸುಬನ್ನು ರೂಢಿಸಿಕೊಂಡರು.

1661ರ ವಿವಾಹ ಒಪ್ಪಂದದ ಮೂಲಕ ಮುಂಬಯಿಯ ದ್ವೀಪಗಳು ಇಂಗ್ಲಿಷರ ಪಾಲಿಗೆ ಬಂದವು. ನಗರ ಬೆಳೆದಂತೆ ಗೋವೆಯ ರೊಟ್ಟಿಗಾರರು ಅಲ್ಲಿಗೂ ಬಂದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಿಂದ ಇರಾನಿನಿಂದ ಬಂದವರು ಚಹದ ಅಂಗಡಿಗಳನ್ನೂ ಬೇಕರಿಗಳನ್ನೂ ತೆರೆಯತೊಡಗಿದರು. ಹಡಗುಕಟ್ಟೆ, ರೈಲ್ವೆ ಹಾಗೂ ಹತ್ತಿಯ ಗಿರಣಿಗಳಲ್ಲಿ ದುಡಿಯುತ್ತಿದ್ದವರಲ್ಲಿ ಅನೇಕರು ಕುಟುಂಬವನ್ನು ಊರಲ್ಲಿ ಬಿಟ್ಟು ಬಂದವರು. ಸ್ವಂತ ಅಡುಗೆಮನೆಯಿಲ್ಲದ ಇಂಥವರಿಗೆ ಅಗ್ಗವೂ ಸಿದ್ಧವೂ ಆದ ಆಹಾರದ ಅಗತ್ಯ ಬಹಳವಿತ್ತು. ಪಾವ್ ಈ ಅಗತ್ಯವನ್ನು ಪೂರೈಸಿತು. ಹೀಗೆ ಬಿಳಿಯರ ಮೇಜಿನ ತಿನಿಸಾಗಿದ್ದ ರೊಟ್ಟಿ ಕಾರ್ಮಿಕನ ಉಪಾಹಾರವಾಗಿ ಪರಿಣಮಿಸಿತು.

ಮಡಿಯೂ ನೈರ್ಮಲ್ಯವೂ

ರೊಟ್ಟಿಯನ್ನು ಕುರಿತ ಸಂದೇಹಗಳು ನಗರಪಾಲಿಕೆಗಿಂತ ಹಳೆಯವು. ಮೇಲ್ಜಾತಿಯ ಹಿಂದೂಗಳ ದೃಷ್ಟಿಯಲ್ಲಿ ಪಾವ್ ಮೂರು ಕಾರಣಗಳಿಂದ ವರ್ಜ್ಯವಾಗಿತ್ತು: ಅದನ್ನು ನಾದಿದವರು ಅನ್ಯಮತೀಯರು, ಅದರಲ್ಲಿ ಬೆರೆತ ನೀರು ಅವರು ಮುಟ್ಟಿದ್ದು, ಅದನ್ನು ಉಬ್ಬಿಸಿದ್ದು ಕಳ್ಳು. ಮರಾಠಿ ಹಿಂದಿಗಳಲ್ಲಿ 'ಪಾವ್' ಎಂಬ ಧ್ವನಿಗೆ ಪಾದವೆಂಬ ಅರ್ಥವೂ ಹೊಂದುವುದರಿಂದ, ಹಿಟ್ಟನ್ನು ಕಾಲಿನಿಂದ ತುಳಿದು ನಾದುವುದರಿಂದಲೇ ಆ ಹೆಸರು ಬಂದಿತೆಂಬ ಜನಪದ ನಿರುಕ್ತಿಯೂ ಹುಟ್ಟಿಕೊಂಡಿತು. ಭಾಷಾದೃಷ್ಟಿಯಿಂದ ಈ ನಿರುಕ್ತಿಗೆ ಆಧಾರವಿಲ್ಲ. ಆದರೆ ಅದರ ಹಿಂದಿರುವ ಅಂಜಿಕೆ ಸುಳ್ಳಲ್ಲ.

ಈ ನಿಷೇಧ ಎಷ್ಟು ಬಲವಾಗಿತ್ತೆಂಬುದಕ್ಕೆ ಪರಮಹಂಸ ಸಭೆಯ ಚರಿತ್ರೆಯೇ ಸಾಕ್ಷಿ. 1849ರಲ್ಲಿ ಮುಂಬಯಿಯಲ್ಲಿ ಗುಪ್ತವಾಗಿ ಆರಂಭವಾದ ಈ ಸುಧಾರಕ ಸಂಘದ ಪ್ರಮುಖರಲ್ಲಿ ಮರಾಠಿ ವೈಯಾಕರಣ ದಾದೋಬಾ ಪಾಂಡುರಂಗ ತರ್ಖಡಕರರೂ ಒಬ್ಬರು. ಜಾತಿಯನ್ನು ತೊರೆದುದಕ್ಕೆ ಪ್ರಮಾಣವಾಗಿ ಸದಸ್ಯರು ಕ್ರೈಸ್ತನು ಸುಟ್ಟ ರೊಟ್ಟಿಯನ್ನು ತಿನ್ನಬೇಕಾಗಿತ್ತು. ಒಂದು ತುಂಡು ರೊಟ್ಟಿಯೇ ದೀಕ್ಷೆಯಾಯಿತು. 1860ರ ಸುಮಾರಿಗೆ ಸದಸ್ಯರ ಹೆಸರುಗಳು ಬಯಲಾಗುವ ಪ್ರಸಂಗ ಬಂದಾಗ ಸಂಘವೇ ಚದುರಿಹೋಯಿತು. 1890ರಲ್ಲಿ ಪುಣೆಯ ಪಂಚಹೌದ ಮಿಷನ್ನಿನಲ್ಲಿ ಚಹ ಸೇವಿಸಿದರೆಂಬ ಕಾರಣಕ್ಕೆ ರಾನಡೆ, ತಿಲಕ ಮೊದಲಾದವರ ಮೇಲೆ ಬಹಿಷ್ಕಾರದ ವಿವಾದ ಎದ್ದುದನ್ನು ನೆನೆದರೆ, ನಾಲ್ಕು ದಶಕಗಳ ಅನಂತರವೂ ಪರಿಸ್ಥಿತಿ ಹೆಚ್ಚು ಬದಲಾಗಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇಲ್ಲಿ ಎರಡು ಪರಿಕಲ್ಪನೆಗಳನ್ನು ಬೇರ್ಪಡಿಸಿ ನೋಡುವುದು ಅಗತ್ಯ. ಮಡಿಯೆಂಬುದು ಮುಟ್ಟಿದವನು ಯಾರೆಂದು ಕೇಳುತ್ತದೆ. ನೈರ್ಮಲ್ಯವೆಂಬುದು ಮುಟ್ಟಿದ ಕೈ ಹೇಗಿತ್ತೆಂದು ಕೇಳುತ್ತದೆ. ಮೊದಲನೆಯದಕ್ಕೆ ಜನ್ಮವೇ ಪ್ರಮಾಣ. ಎರಡನೆಯದಕ್ಕೆ ಪರೀಕ್ಷೆ ಪ್ರಮಾಣ. ತಾತ್ವಿಕವಾಗಿ ನಗರದ ಕಾನೂನು ಗೋವೆಯ ಕ್ರೈಸ್ತನ ಭಟ್ಟಿಯನ್ನೂ ಇರಾನಿಯ ಭಟ್ಟಿಯನ್ನೂ ಬ್ರಾಹ್ಮಣನ ಭಟ್ಟಿಯನ್ನೂ ಒಂದೇ ಅಳತೆಗೋಲಿನಿಂದ ಅಳೆಯತಕ್ಕದ್ದು. ಈ ಅರ್ಥದಲ್ಲಿ ಪರವಾನಗಿಯ ಕಾಗದವು ಸಾಮಾಜಿಕವಾಗಿ ಹೊಸತೊಂದು ಮಾತನ್ನು ಹೇಳುತ್ತಿತ್ತು.

ಇಂಗ್ಲೆಂಡಿನ ಮಾದರಿ

ಬೇಕರಿಗಳ ನೈರ್ಮಲ್ಯಕ್ಕೆ ಸಂಬಂಧಿಸಿದ ಆಲೋಚನೆಗಳು ಇಂಗ್ಲೆಂಡಿನಿಂದ ಬಂದವು. ಅಲ್ಲಿ 1850ರ ದಶಕದ ಆರಂಭದಲ್ಲಿ 'ಲ್ಯಾನ್ಸೆಟ್' ಪತ್ರಿಕೆಗಾಗಿ ಆರ್ಥರ್ ಹಿಲ್ ಹ್ಯಾಸಲ್ ನಡೆಸಿದ ಪರೀಕ್ಷೆಗಳಿಂದ ಲಂಡನ್ನಿನ ರೊಟ್ಟಿಯಲ್ಲಿ ಪಟಿಕದ ಕಲಬೆರಕೆ ವ್ಯಾಪಕವಾಗಿದ್ದುದು ಬೆಳಕಿಗೆ ಬಂದಿತು. ಕೀಳು ದರ್ಜೆಯ ಹಿಟ್ಟೂ ಬೆಳ್ಳಗೆ ಕಾಣಲೆಂದು ಪಟಿಕವನ್ನು ಬೆರೆಸುತ್ತಿದ್ದರು. ಕಾಲರಾ ನೀರಿನಿಂದ ಹರಡುತ್ತದೆಂದು ತೋರಿಸಿಕೊಟ್ಟ ಜಾನ್ ಸ್ನೋ 1857ರಲ್ಲಿ ಪಟಿಕ ಬೆರೆತ ರೊಟ್ಟಿಗೂ ಮಕ್ಕಳ ಎಲುಬಿನ ರೋಗಕ್ಕೂ ಸಂಬಂಧವಿರಬಹುದೆಂದು ವಾದಿಸಿದನು.

ಕಲಬೆರಕೆಗಿಂತ ಬೇರೆಯಾದ ಇನ್ನೊಂದು ಧ್ವನಿ ಭಟ್ಟಿಯ ಒಳಗಿನಿಂದಲೇ ಬಂದಿತು. ರಾತ್ರಿಯಿಡೀ ದುಡಿಯುತ್ತಿದ್ದ ಕೂಲಿ ರೊಟ್ಟಿಗಾರರ ದೂರುಗಳನ್ನು ಹ್ಯೂ ಸೀಮೋರ್ ಟ್ರೆಮೆನ್‌ಹೀರ್ ವಿಚಾರಿಸಿ 1862ರಲ್ಲಿ ವರದಿ ಸಲ್ಲಿಸಿದನು. ನೆಲಮಾಳಿಗೆಯ ಉಸಿರುಗಟ್ಟುವ ಕೋಣೆಗಳಲ್ಲಿ ಹಿಟ್ಟು ನಾದಿ, ಅದು ಉಬ್ಬುವವರೆಗೆ ಅಲ್ಲಿಯೇ ಹಲಗೆಯ ಮೇಲೆ ಒರಗಿ, ಮತ್ತೆ ಎದ್ದು ಬೆಳಗಿನವರೆಗೆ ಭಟ್ಟಿಯ ಮುಂದೆ ನಿಲ್ಲುತ್ತಿದ್ದವರ ಬದುಕು ಅದರಲ್ಲಿ ದಾಖಲಾಗಿದೆ. ಕಾರ್ಲ್ ಮಾರ್ಕ್ಸ್ 1867ರ 'ಬಂಡವಾಳ'ದ ಮೊದಲ ಸಂಪುಟದಲ್ಲಿ ದುಡಿಮೆಯ ದಿನವನ್ನು ಕುರಿತು ಬರೆಯುವಾಗ ಈ ಸಂಗತಿಗಳನ್ನು ವಿಸ್ತಾರವಾಗಿ ಬಳಸಿಕೊಂಡಿದ್ದಾನೆ.

ಇದರ ಫಲವಾಗಿ 1863ರಲ್ಲಿ ಬೇಕರಿಗಳ ನಿಯಂತ್ರಣ ಕಾಯಿದೆ ಜಾರಿಗೆ ಬಂದಿತು. ಗೋಡೆ ಮತ್ತು ಮಾಳಿಗೆಯ ಒಳಭಾಗಗಳಿಗೆ ಆರು ತಿಂಗಳಿಗೊಮ್ಮೆ ಸುಣ್ಣ ಬಳಿಯಬೇಕು. ಬಣ್ಣ ಹಚ್ಚಿದ್ದರೆ ಅದನ್ನು ಬಿಸಿನೀರು ಸಾಬೂನಿನಿಂದ ತೊಳೆಯಬೇಕು. ಭಟ್ಟಿಯ ಮಟ್ಟದಲ್ಲಿರುವ ಕೋಣೆಯಲ್ಲಿ ಮಲಗಬೇಕಾದರೆ ನೆಲದಿಂದ ಛಾವಣಿಯವರೆಗೆ ಅಡ್ಡಗೋಡೆಯೂ ಹೊರಕ್ಕೆ ತೆರೆಯುವ ಕಿಟಕಿಯೂ ಇರಬೇಕು. ಹದಿನೆಂಟು ವರ್ಷದೊಳಗಿನವರನ್ನು ರಾತ್ರಿ ಒಂಬತ್ತರಿಂದ ಬೆಳಗಿನ ಐದರವರೆಗೆ ದುಡಿಸಕೂಡದು. ಇವು ಅದರ ಮುಖ್ಯ ವಿಧಿಗಳು. ವಯಸ್ಕ ಕೆಲಸಗಾರರ ಮುಖ್ಯ ಬೇಡಿಕೆಯಾಗಿದ್ದ ದುಡಿಮೆಯ ವೇಳೆಯ ಮಿತಿ ಅದರಲ್ಲಿ ಸೇರಲಿಲ್ಲ. ಅವರು ಕೇಳಿದ್ದು ನಿದ್ರೆಯನ್ನು, ದೊರೆತದ್ದು ಸುಣ್ಣವನ್ನು. 1901ರ ಕಾರ್ಖಾನೆ ಮತ್ತು ಕಾರ್ಯಾಗಾರ ಕಾಯಿದೆಯು ಮುಂದುವರಿದು, ಸ್ಥಳೀಯ ಆಡಳಿತದ ಯೋಗ್ಯತಾಪತ್ರವಿಲ್ಲದ ನೆಲಮಾಳಿಗೆಯ ಬೇಕರಿಗಳನ್ನು 1904ರಿಂದ ನಿಷೇಧಿಸಿತು.

ಮುಂಬಯಿಯ ಕಾನೂನು

ಮುಂಬಯಿಯಲ್ಲಿ ಆಧುನಿಕ ನಗರಾಡಳಿತದ ಅಡಿಗಲ್ಲು ಬಿದ್ದದ್ದು 1865ರ ಕಾಯಿದೆಯಿಂದ. ಆರ್ಥರ್ ಕ್ರಾಫರ್ಡ್ ಮೊದಲ ಆಯುಕ್ತನಾದನು. ಆರೋಗ್ಯಾಧಿಕಾರಿಯ ಇಲಾಖೆ ರೂಪುಗೊಂಡಿತು. ವಿಹಾರ ಕೆರೆಯ ನೀರು 1860ರಲ್ಲಿಯೇ ನಗರಕ್ಕೆ ಹರಿದಿತ್ತು. ಕ್ರಾಫರ್ಡ್ ಹೆಸರಿನ ಮಾರುಕಟ್ಟೆ 1869ರಲ್ಲಿ ತೆರೆಯಿತು. ಮಾಂಸ, ಹಣ್ಣು, ತರಕಾರಿಗಳ ಮಾರಾಟವನ್ನು ಒಂದೇ ಸೂರಿನಡಿ ತಂದರೆ ತಪಾಸಣೆ ಸುಲಭವೆಂಬ ಆಲೋಚನೆ ಇದರ ಹಿಂದೆ ಇತ್ತು. ಬೇಕರಿಗಳನ್ನು ಹಾಗೆ ಒಂದೆಡೆ ಕಲೆಹಾಕುವುದು ಸಾಧ್ಯವಿರಲಿಲ್ಲ. ಅವು ಗಲ್ಲಿಗಲ್ಲಿಗಳಲ್ಲಿ, ಜನವಸತಿಯ ಕೆಳಗಿನ ಅಂತಸ್ತುಗಳಲ್ಲಿ ಇರಬೇಕಾಗಿತ್ತು. ಏಕೆಂದರೆ ಪಾವ್ ಬೆಳಗಾಗುವ ಮೊದಲೇ ಬಿಸಿಯಾಗಿ ಮನೆಬಾಗಿಲನ್ನು ಮುಟ್ಟಬೇಕು.

1888ರ ಮುಂಬಯಿ ನಗರಪಾಲಿಕೆಯ ಕಾಯಿದೆ ಈ ದೃಷ್ಟಿಯಿಂದ ಮಹತ್ವದ್ದು. ತಿದ್ದುಪಡಿಗಳೊಂದಿಗೆ ಅದು ಇಂದಿಗೂ ಜಾರಿಯಲ್ಲಿದೆ. ಪ್ರಾಣಕ್ಕೆ, ಆರೋಗ್ಯಕ್ಕೆ ಅಥವಾ ಆಸ್ತಿಗೆ ಅಪಾಯಕರವಾದ ಇಲ್ಲವೆ ನೆರೆಹೊರೆಗೆ ಉಪದ್ರವವನ್ನುಂಟುಮಾಡುವ ವ್ಯವಹಾರಗಳನ್ನು ಆಯುಕ್ತನ ಪರವಾನಗಿಯಿಲ್ಲದೆ ನಡೆಸಕೂಡದೆಂಬುದು ಅದರ 394ನೆಯ ವಿಧಿಯ ತಿರುಳು. ತಿನ್ನಲು ಯೋಗ್ಯವಲ್ಲದ ಪದಾರ್ಥಗಳನ್ನು ಪರೀಕ್ಷಿಸಿ ವಶಪಡಿಸಿಕೊಳ್ಳುವ ಅಧಿಕಾರವನ್ನೂ ಈ ಕಾಯಿದೆ ನೀಡಿತು. ಬೆಂಕಿ, ಸೌದೆಯ ರಾಶಿ, ಹೊಗೆ, ಹಿಟ್ಟು, ನೀರು, ಮನುಷ್ಯರು ಎಲ್ಲವೂ ಒಂದೇ ಕೋಣೆಯಲ್ಲಿ ಕಲೆಯುವ ಬೇಕರಿಯು ಇಂಥ ಕಾನೂನಿನ ಕಣ್ಣಿಗೆ ಅನೇಕ ದಿಕ್ಕುಗಳಿಂದ ಬೀಳುತ್ತಿತ್ತು. ಇದರ ಹೊರತಾಗಿ, 1878ರ ಮುಂಬಯಿ ಅಬಕಾರಿ ಕಾಯಿದೆಯು ಕಳ್ಳಿನ ಮರಗಳನ್ನೂ ಭಂಡಾರಿಗಳ ಕಸುಬನ್ನೂ ತೆರಿಗೆಯ ಕಟ್ಟಿಗೆ ಒಳಪಡಿಸಿದುದರಿಂದ ರೊಟ್ಟಿಯ ಹುದುಗಿನ ಮೂಲವೂ ಸರ್ಕಾರದ ಲೆಕ್ಕಕ್ಕೆ ಸೇರಿತು. ಚಿಮಣಿಗಳ ಹೊಗೆಯನ್ನು ನಿಯಂತ್ರಿಸುವ ಕಾಯಿದೆ 1912ರಲ್ಲಿ ಬಂದಿತು. ಆಹಾರದ ಕಲಬೆರಕೆಯನ್ನು ತಡೆಯುವ ಮುಂಬಯಿ ಪ್ರಾಂತದ ಕಾಯಿದೆ 1925ರಲ್ಲಿ ಬಂದಿತು.

ಇಪ್ಪತ್ತನೆಯ ಶತಮಾನದ ಮೊದಲೆರಡು ದಶಕಗಳಲ್ಲಿ ನಗರದ ಆರೋಗ್ಯಾಧಿಕಾರಿಯಾಗಿದ್ದ ಜೆ. ಎ. ಟರ್ನರ್ ತನ್ನ ಅನುಭವವನ್ನು ಭಾರತದ ನೈರ್ಮಲ್ಯವನ್ನು ಕುರಿತ ಬೃಹದ್ಗ್ರಂಥವೊಂದರಲ್ಲಿ 1914ರಲ್ಲಿ ಪ್ರಕಟಿಸಿದನು. ಕಾನೂನನ್ನು ಬರೆಯುವುದಕ್ಕಿಂತ ಅದನ್ನು ಗಲ್ಲಿಯೊಳಗೆ ನಡೆಸುವುದು ಕಷ್ಟವೆಂಬುದು ಆ ಕಾಲದ ಎಲ್ಲ ಆರೋಗ್ಯಾಧಿಕಾರಿಗಳ ಅನುಭವ. ಇನ್‌ಸ್ಪೆಕ್ಟರನು ಬರುವುದು ಹಗಲಿನಲ್ಲಿ. ಬೇಕರಿ ಬದುಕುವುದು ರಾತ್ರಿಯಲ್ಲಿ.

ಅಪಾಯ ಎಲ್ಲಿತ್ತು?

ನಿಯಮಗಳ ಅರ್ಥವನ್ನು ತಿಳಿಯಬೇಕಾದರೆ ರೊಟ್ಟಿಯ ನಿಜವಾದ ಅಪಾಯ ಎಲ್ಲಿರುತ್ತದೆಂಬುದನ್ನು ಅರಿಯಬೇಕು. ಭಟ್ಟಿಯ ಒಳಗಿನ ಶಾಖ ಇನ್ನೂರು ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಸುಟ್ಟು ಮುಗಿಯುವ ವೇಳೆಗೆ ರೊಟ್ಟಿಯ ನಡುಭಾಗವೂ ನೂರು ಡಿಗ್ರಿಯ ಸಮೀಪಕ್ಕೆ ಬರುತ್ತದೆ. ಕಾಲರಾ, ವಿಷಮಶೀತಜ್ವರಗಳ ರೋಗಾಣುಗಳು ಈ ಶಾಖದಲ್ಲಿ ಉಳಿಯಲಾರವು. ಆದುದರಿಂದ ಹಿಟ್ಟಿನಲ್ಲಿ ಸೇರಿದ ಕಲುಷಿತ ನೀರಿಗಿಂತಲೂ, ಸುಟ್ಟು ಹೊರಬಂದ ಮೇಲೆ ರೊಟ್ಟಿಯನ್ನು ಮುಟ್ಟುವ ಕೈ, ಅದನ್ನು ಹೊದಿಸುವ ಬಟ್ಟೆ, ಅದರ ಮೇಲೆ ಕೂರುವ ನೊಣ, ಅದನ್ನು ಹೊರುವ ಬುಟ್ಟಿ ಇವೇ ಹೆಚ್ಚು ಅಪಾಯಕರ. ಕೆಲವು ಬ್ಯಾಸಿಲಸ್ ಜಾತಿಯ ಸೂಕ್ಷ್ಮಜೀವಿಗಳ ಬೀಜಕಗಳು ಮಾತ್ರ ಶಾಖವನ್ನು ಸಹಿಸಿ ಉಳಿದು, ಮಳೆಗಾಲದ ಬೆಚ್ಚನೆಯ ತೇವದಲ್ಲಿ ರೊಟ್ಟಿಯ ಒಳಭಾಗವನ್ನು ಅಂಟಂಟಾಗಿ ನೂಲೆಳೆಯಂತೆ ಮಾಡಿಬಿಡುತ್ತವೆ. ಸುಣ್ಣ ಬಳಿದ ಗೋಡೆ, ಗಾಳಿಯಾಡುವ ಕೋಣೆ, ತೊಳೆದ ನಾದುವ ತೊಟ್ಟಿ ಇವು ಇಂಥ ಕೆಡುಕನ್ನು ಕಡಮೆ ಮಾಡುತ್ತವೆ.

ಇನ್ನೊಂದು ಅಪಾಯವನ್ನು ನಗರ ಬಹಳ ಬೆಲೆ ತೆತ್ತು ಕಲಿಯಿತು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿ ಭಾಗದಲ್ಲಿ ಡಾ. ಅಕಾಸಿಯೊ ವೀಗಸ್ ಪ್ಲೇಗನ್ನು ಗುರುತಿಸಿದರು. ಮಾಂಡವಿಯು ಹಡಗುಕಟ್ಟೆಗೆ ಹೊಂದಿದ ಧಾನ್ಯದ ಮಳಿಗೆಗಳ ಪ್ರದೇಶ. ಆರಂಭದಲ್ಲಿ ರೋಗವು ಕೊಳಕಿನಲ್ಲಿಯೂ ನೆಲದಲ್ಲಿಯೂ ಇದೆಯೆಂದು ಭಾವಿಸಿದ ಆಡಳಿತವು ಮನೆಗಳನ್ನು ಕ್ರಿಮಿನಾಶಕಗಳಿಂದ ತೊಯಿಸಿತು. 1898ರಲ್ಲಿ ಪಾಲ್ ಲೂಯಿ ಸಿಮೊಂ ಇಲಿಯ ಚಿಗಟವೇ ವಾಹಕವೆಂದು ಸೂಚಿಸಿದನು. 1905ರಿಂದ ಮುಂಬಯಿಯಲ್ಲಿ ಕೆಲಸ ಮಾಡಿದ ಪ್ಲೇಗ್ ಸಂಶೋಧನಾ ಮಂಡಲಿ ಅದನ್ನು ಸ್ಥಿರಪಡಿಸಿತು. ಧಾನ್ಯವಿದ್ದಲ್ಲಿ ಇಲಿ, ಇಲಿಯಿದ್ದಲ್ಲಿ ಚಿಗಟ ಎಂಬ ಸರಪಳಿ ತಿಳಿದ ಮೇಲೆ ಹಿಟ್ಟಿನ ಮೂಟೆಯೂ ಆರೋಗ್ಯದ ವಿಷಯವಾಯಿತು. ಮೂಟೆಗಳನ್ನು ನೆಲದಿಂದ ಎತ್ತರಿಸಿಡುವುದು, ಬಿಲ ಕೊರೆಯಲಾಗದ ಕಲ್ಲು ಗಾರೆಗಳ ನೆಲ, ಮಲಗುವ ಸ್ಥಳವನ್ನು ದಾಸ್ತಾನಿನಿಂದ ಬೇರೆಯಾಗಿಸುವುದು ಇವು ಕಂದಾಚಾರಗಳಲ್ಲ, ಪ್ರಾಣರಕ್ಷಣೆಯ ಉಪಾಯಗಳೆಂಬುದು ಮನವರಿಕೆಯಾಗತೊಡಗಿತು.

ಕಾನೂನು ಕಾಣದ ಮನುಷ್ಯ

ಇಷ್ಟೆಲ್ಲ ನಿಯಮಗಳ ನಡುವೆ ಭಟ್ಟಿಯ ಮುಂದೆ ನಿಂತವನ ಸ್ಥಾನ ಯಾವುದು? ಬೇಕರಿಯಲ್ಲಿ ಮಲಗುವುದು ಆರೋಗ್ಯಾಧಿಕಾರಿಯ ದೃಷ್ಟಿಯಲ್ಲಿ ಆಹಾರವನ್ನು ಕೆಡಿಸುವ ತಪ್ಪು. ಕೆಲಸಗಾರನಿಗೆ ಅದು ನಗರದಲ್ಲಿ ದೊರೆಯಬಹುದಾದ ಏಕೈಕ ಆಸರೆ. ಅವನು ಅಲ್ಲಿ ಮಲಗಕೂಡದೆಂದು ಹೇಳಿದ ಕಾನೂನು ಅವನು ಎಲ್ಲಿ ಮಲಗಬೇಕೆಂಬುದನ್ನು ಹೇಳಲಿಲ್ಲ.

ದುಡಿಮೆಯ ವೇಳೆಯನ್ನು ನಿಯಂತ್ರಿಸಬೇಕಾದ ಕಾರ್ಖಾನೆ ಕಾಯಿದೆಗಳು ಅವನವರೆಗೆ ಬರಲಿಲ್ಲ. 1881ರ ಕಾಯಿದೆ ಯಂತ್ರಶಕ್ತಿಯನ್ನು ಬಳಸುವ, ನೂರು ಅಥವಾ ಹೆಚ್ಚು ಜನ ದುಡಿಯುವ ಸ್ಥಳಗಳಿಗೆ ಅನ್ವಯಿಸುತ್ತಿತ್ತು. 1891ರಲ್ಲಿ ಈ ಸಂಖ್ಯೆ ಐವತ್ತಕ್ಕೂ 1922ರಲ್ಲಿ ಇಪ್ಪತ್ತಕ್ಕೂ ಇಳಿಯಿತು. ಕೈಯಿಂದ ನಾದಿ ಸೌದೆಯಿಂದ ಸುಡುವ, ಕೆಲವೇ ಜನರ ಬೇಕರಿಯು ಸಾಮಾನ್ಯವಾಗಿ ಈ ವ್ಯಾಖ್ಯೆಯ ಹೊರಗೇ ಉಳಿಯಿತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕೆಲಸದ ವೇಳೆಯನ್ನು ನಿಯಂತ್ರಿಸುವ, ಭಾರತದಲ್ಲಿಯೇ ಮೊದಲನೆಯದಾದ ಕಾಯಿದೆಯನ್ನು ಮುಂಬಯಿ ಪ್ರಾಂತ ರೂಪಿಸಿದ್ದು 1939ರಲ್ಲಿ. ಯಂತ್ರಶಕ್ತಿಯಿಲ್ಲದೆಯೂ ಇಪ್ಪತ್ತು ಜನ ದುಡಿಯುವ ಸ್ಥಳ ಕಾರ್ಖಾನೆಯೆನಿಸಿದ್ದು 1948ರ ಕಾಯಿದೆಯಿಂದ. ಹೀಗೆ ಗೋಡೆಯ ಸುಣ್ಣಕ್ಕೂ ಕೆಲಸಗಾರನ ವಿಶ್ರಾಂತಿಗೂ ನಡುವೆ ಅರ್ಧ ಶತಮಾನಕ್ಕೂ ಮಿಕ್ಕ ಅಂತರವಿದೆ. ಇಂಗ್ಲೆಂಡಿನಲ್ಲಿ ಕೆಲಸಗಾರರ ದೂರಿನಿಂದ ಹುಟ್ಟಿದ ಕಾನೂನು ಕಡಲು ದಾಟಿ ಬರುವಾಗ ದೂರಿದವರನ್ನು ಅಲ್ಲಿಯೇ ಬಿಟ್ಟು ಬಂದಿತು.

ಇದರ ಕಾರಣ ಸ್ಪಷ್ಟ. ರೋಗ ವರ್ಗಭೇದವನ್ನು ಅರಿಯದು. ಕೊಳಕು ಭಟ್ಟಿಯ ರೊಟ್ಟಿ ಅಧಿಕಾರಿಯ ಮೇಜಿಗೂ ಹೋಗಬಹುದು. ದಣಿವಾದರೋ ದಣಿದವನ ಮೈಯಲ್ಲಿಯೇ ಉಳಿಯುತ್ತದೆ. ಆದರೆ ರಾತ್ರಿಯೆಲ್ಲ ಎಚ್ಚರವಿದ್ದು ಬಳಲಿದ ಕೈ ಶುಚಿಯಾಗಿ ಇರಲಾರದೆಂಬ ಸರಳ ಸತ್ಯವನ್ನು ಗಮನಿಸಿದ್ದರೆ ಈ ಎರಡು ಕಾನೂನುಗಳನ್ನು ಬೇರ್ಪಡಿಸುವ ಅಗತ್ಯವೇ ಬೀಳುತ್ತಿರಲಿಲ್ಲ.

ಕನ್ನಡ ನಾಡಿನ ನಂಟು

ಮುಂಬಯಿಯ ಈ ಚರಿತ್ರೆ ಕನ್ನಡಿಗರಿಗೆ ಹೊರಗಿನದಲ್ಲ. ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪ್ರಾಂತದ ಅಬಕಾರಿ, ಕಲಬೆರಕೆ ಕಾನೂನುಗಳ ಜೊತೆಗೆ 1901ರ ಜಿಲ್ಲಾ ಪುರಸಭೆಗಳ ಕಾಯಿದೆಯೂ ಈ ಭಾಗದ ಪಟ್ಟಣಗಳ ಆಡಳಿತವನ್ನು ರೂಪಿಸಿತು. ನೈರ್ಮಲ್ಯವೆಂಬುದು ಸರ್ಕಾರದ ಹೊಣೆಯೆಂಬ ಕಲ್ಪನೆ ಇಲ್ಲಿಗೆ ತಲಪಿದ ದಾರಿಗಳಲ್ಲಿ ಮುಂಬಯಿಯೂ ಒಂದು.

ಹಳೆಯ ಮೈಸೂರಿನ ದಾರಿ ಬೇರೆ. 1898ರ ಆಗಸ್ಟಿನಲ್ಲಿ ಪ್ಲೇಗ್ ಬೆಂಗಳೂರನ್ನು ಮುಟ್ಟಿತು. ಅದೇ ವರ್ಷ ಚಿಕ್ಕಪೇಟೆಯಲ್ಲಿ ಹಾಸನದ ಕಡೆಯ ಅಯ್ಯಂಗಾರ್ ಕುಟುಂಬವೊಂದು 'ಬೆಂಗಳೂರು ಬ್ರಾಹ್ಮಣರ ಬೇಕರಿ'ಯನ್ನು ಆರಂಭಿಸಿತೆಂದು ಹೇಳಲಾಗುತ್ತದೆ. ಈ ಹೆಸರೇ ಅರ್ಥಪೂರ್ಣವಾದುದು. ಪರವಾನಗಿಯ ಕಾಗದ ಕೊಡಲಾಗದ ಭರವಸೆಯನ್ನು ಅಂಗಡಿಯ ಫಲಕವೇ ಕೊಡುತ್ತಿತ್ತು. ಅನ್ಯರ ಕೈಯ ರೊಟ್ಟಿಯನ್ನು ಒಲ್ಲದವರಿಗೆ ರೊಟ್ಟಿಯನ್ನು ಒಗ್ಗಿಸಿದ್ದು ಆರೋಗ್ಯಾಧಿಕಾರಿಯಲ್ಲ, ಸ್ವಜಾತಿಯ ಕೈ. ಪರಮಹಂಸ ಸಭೆಯವರು ರೊಟ್ಟಿಯನ್ನು ತಿಂದು ಜಾತಿಯನ್ನು ಮೀರಲೆಳಸಿದರೆ, ಇಲ್ಲಿ ಜಾತಿಯು ರೊಟ್ಟಿಯನ್ನು ತನ್ನೊಳಗೆ ಸೇರಿಸಿಕೊಂಡಿತು. ಮುಂದೆ ಅಯ್ಯಂಗಾರ್ ಬೇಕರಿಗಳು ಮುಂಬಯಿ, ಪುಣೆಗಳಿಗೂ ಹರಡಿದುವು. ಹೊರನಾಡಿನಲ್ಲಿ ಆ ಹೆಸರು ಕ್ರಮೇಣ ಜಾತಿಯ ಸೂಚನೆಯನ್ನು ಕಳೆದುಕೊಂಡು ಒಂದು ಬಗೆಯ ತಿನಿಸಿನ, ಊರಿನ ರುಚಿಯ ಸೂಚನೆಯಾಗಿ ಉಳಿದಿದೆ.

ಉಪಸಂಹಾರ

ಸ್ವಾತಂತ್ರ್ಯಾನಂತರ 1954ರ ಆಹಾರ ಕಲಬೆರಕೆ ತಡೆ ಕಾಯಿದೆಯೂ, ಅದರ ಸ್ಥಾನದಲ್ಲಿ ಬಂದ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯೂ ನಿಯಂತ್ರಣದ ಭಾಷೆಯನ್ನು ರಾಷ್ಟ್ರವ್ಯಾಪಿಯಾಗಿಸಿದುವು. ಆದರೂ ಹಳೆಯ ಪ್ರಶ್ನೆಗಳು ಮುಗಿದಿಲ್ಲ. 2025ರ ಜನವರಿಯಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು, ನಗರದ ಗಾಳಿಯನ್ನು ಕಾಪಾಡುವ ದೃಷ್ಟಿಯಿಂದ, ಸೌದೆ ಕಲ್ಲಿದ್ದಲುಗಳನ್ನು ಉರಿಸುವ ಬೇಕರಿಗಳು ಆರು ತಿಂಗಳೊಳಗೆ ಶುದ್ಧ ಇಂಧನಕ್ಕೆ ಬದಲಾಗಬೇಕೆಂದು ಆದೇಶಿಸಿತು. ನಗರದ ಉಸಿರಿಗೆ ಇದು ಅಗತ್ಯವಾದ ಕ್ರಮವೇ. ಆದರೆ ಬದಲಾವಣೆಯ ವೆಚ್ಚವನ್ನು ಹೊರಲಾಗದ ಸಣ್ಣ ಭಟ್ಟಿಯವನ, ಅವನಲ್ಲಿ ದುಡಿಯುವವನ ಗತಿಯೇನೆಂಬ ಪ್ರಶ್ನೆ ಮತ್ತೆ ಎದ್ದಿತು.

ಸಾರ್ವಜನಿಕ ಆರೋಗ್ಯದ ಕಾನೂನು ಮುಂಬಯಿಗೆ ಮಾಡಿದ ಉಪಕಾರ ದೊಡ್ಡದು. ಮುಟ್ಟಿದವನ ಜನ್ಮವನ್ನು ಕೇಳದೆ ಮುಟ್ಟಿದ ಕೈಯ ಶುಚಿಯನ್ನು ಕೇಳುವ ಪದ್ಧತಿಯನ್ನು ಅದು ಕಲಿಸಿತು; ಜಾತಿಯ ಕಟ್ಟಿನಲ್ಲಿದ್ದ ಸಮಾಜಕ್ಕೆ ಇದು ಸಣ್ಣ ಪಾಠವಲ್ಲ. ಅದರ ಕೊರತೆಯೂ ಅದೇ ಮಾತಿನಲ್ಲಿ ಅಡಗಿದೆ: ಕೈಯನ್ನು ನೋಡಿದ ಕಾನೂನು ಕೈಯ ಹಿಂದಿನ ಮನುಷ್ಯನನ್ನು ಬಹುಕಾಲ ನೋಡಲಿಲ್ಲ. ಹೊರನಾಡಿನ ಹೋಟೆಲು, ಬೇಕರಿ, ಗಿರಣಿಗಳಲ್ಲಿ ದುಡಿದು, ಕೆಲಸದ ಸ್ಥಳದಲ್ಲಿಯೇ ಮಲಗಿ, ರಾತ್ರಿಶಾಲೆಯಲ್ಲಿ ಓದಿ ಬೆಳೆದ ತಲೆಮಾರುಗಳ ಚರಿತ್ರೆಯನ್ನು ಬರೆಯಹೊರಡುವ ಕನ್ನಡ ಸಂಶೋಧಕರು ಇಂಥ ಕಾಯಿದೆಗಳನ್ನೂ ನಗರಪಾಲಿಕೆಯ ವರದಿಗಳನ್ನೂ ಆಕರಗಳಾಗಿ ಓದಬೇಕು. ಅವುಗಳಲ್ಲಿ ಬರೆದಿರುವುದನ್ನು ಗಮನಿಸಬೇಕಾದಷ್ಟೇ ಎಚ್ಚರದಿಂದ, ಅವು ಬರೆಯದೆ ಬಿಟ್ಟವರನ್ನೂ ಹುಡುಕಬೇಕು.